ಶಾಕ್ ಕೊಳ್ಳುವ ಮೊದಲು ಗಾಡಿಯ ತೂಕ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟದಲ್ಲಿ ಹೊಸ ಗಾಡಿಗಳ ಬಗ್ಗೆ ಬೇಕಾದಷ್ಟು ಬರುತ್ತದೆ. ಬೆಲೆ ಎಷ್ಟು, ಮೈಲೇಜ್ ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು, ಎಲ್ಲ ಗೊತ್ತಾಗುತ್ತದೆ. ಆದರೆ ಅದೇ ಗಾಡಿ ನಾಲ್ಕೈದು ಮಳೆಗಾಲ ಕಂಡ ಮೇಲೆ ಅದಕ್ಕೆ ಏನು ಹಾಕಿಸಬೇಕು, ಯಾವುದಕ್ಕೆ ಸುಮ್ನೆ ದುಡ್ಡು ಸುರಿಯಬಾರದು ಅಂತ ಬರೆಯುವವರು ಕಡಿಮೆ. ಅದಕ್ಕೇ ಈ ಪತ್ರ. ವಿಷಯ ಒಂದೇ: ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಹೊಸ ಶಾಕ್ ಅಬ್ಸಾರ್ಬರ್ ಆರಿಸುವುದು. ಸ್ವಲ್ಪ ಉದ್ದವಾಗುತ್ತದೆ, ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಈಗ ಇಂಥ ಪಿಕಪ್‌ಗಳು ಜಾಸ್ತಿ. ಬೊಲೆರೊ ಕ್ಯಾಂಪರ್ ಮೊದಲಿಂದಲೂ ಇತ್ತು. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಮನೆಯವರು ಓಡಾಡುವುದಕ್ಕೂ ಆಯಿತು, ತೋಟದ ಕೆಲಸಕ್ಕೂ ಆಯಿತು ಅಂತ ಜನ ತೆಗೆದುಕೊಂಡರು. ಆಗ ತೆಗೆದುಕೊಂಡ ಗಾಡಿಗಳಲ್ಲಿ ಎಷ್ಟೋ ಈಗ ಎರಡನೇ ಸೆಟ್ ಶಾಕ್‌ಗೆ ಬಂದಿವೆ, ಕೆಲವು ಮೂರನೆಯದಕ್ಕೆ. ಅಂಗಡಿಗೆ ಹೋದರೆ ಏನಾಗುತ್ತದೆ? "ಸರ್, ಕಂಪನಿ ಶಾಕ್ ಬೇಡ, ಇದು ಹೆವಿ ಡ್ಯೂಟಿ, ಎರಡಿಂಚು ಲಿಫ್ಟ್ ಕೂಡ ಸಿಗುತ್ತೆ, ಹಾಕಿಸಿಬಿಡಿ" ಅನ್ನುತ್ತಾರೆ. ಬಣ್ಣ ತೋರಿಸುತ್ತಾರೆ, ದಪ್ಪ ತೋರಿಸುತ್ತಾರೆ. ನಿಮ್ಮ ಗಾಡಿಯಲ್ಲಿ ದಿನಾ ಎಷ್ಟು ಭಾರ ಇರುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಲ್ವಾ?

ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ. ಇದು ಎಷ್ಟು ಜನಕ್ಕೆ ಗೊತ್ತಿಲ್ಲವೋ ಲೆಕ್ಕ ಇಲ್ಲ, ಗಾಡಿ ಹಿಂದೆ ಕುಸಿದಿದೆ ಅಂತ ಶಾಕ್ ಬದಲಾಯಿಸಲು ಬರುವವರೇ ಎಷ್ಟೋ ಮಂದಿ. ಭಾರ ಹೊರುವುದು ಸ್ಪ್ರಿಂಗ್. ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಬ್ಲೇಡ್ ಸ್ಪ್ರಿಂಗ್. ಹಳ್ಳಕ್ಕೆ ಬಿದ್ದಾಗ ಸ್ಪ್ರಿಂಗ್ ಕುಗ್ಗುತ್ತದೆ, ಆಮೇಲೆ ಅಷ್ಟೇ ಜೋರಾಗಿ ಹಿಗ್ಗುತ್ತದೆ, ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕ್‌ನ ಕೆಲಸ. ಒಳಗೆ ಎಣ್ಣೆ ಇರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಆ ಎಣ್ಣೆ ಸಣ್ಣ ಸಣ್ಣ ವಾಲ್ವ್‌ಗಳಲ್ಲಿ ನುಗ್ಗಿ ಹೋಗಬೇಕು. ಸ್ಪ್ರಿಂಗಿನ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಕುಗ್ಗುವಾಗ ಒಂದು ತಡೆ, ಹಿಗ್ಗುವಾಗ ಇನ್ನೊಂದು ತಡೆ. ಸಾಮಾನ್ಯವಾಗಿ ಹಿಗ್ಗುವಾಗಿನ ತಡೆಯೇ ಜಾಸ್ತಿ ಇರುತ್ತದೆ, ಯಾಕೆಂದರೆ ಸ್ಪ್ರಿಂಗ್ ಕೂಡಿಟ್ಟುಕೊಂಡ ಶಕ್ತಿಯನ್ನು ಹಿಡಿಯಬೇಕಾಗಿರುವುದು ಆಗಲೇ.

ಹಾಗಾಗಿ ಶಾಕ್ ಅನ್ನುವುದು ಸ್ಪ್ರಿಂಗಿಗೂ ಭಾರಕ್ಕೂ ಹೊಂದಬೇಕು. ಸ್ಪ್ರಿಂಗ್ ಗಟ್ಟಿಯಾದಷ್ಟೂ ತಡೆ ಗಟ್ಟಿ ಇರಬೇಕು, ಭಾರ ಹೆಚ್ಚಿದ್ದರೂ ಹಾಗೇ. ಸ್ಪ್ರಿಂಗ್ ಮೆತ್ತಗಿದ್ದು ಗಾಡಿ ಖಾಲಿ ಇದ್ದರೆ ಅದೇ ಗಟ್ಟಿ ಶಾಕ್ ತೊಂದರೆ ಕೊಡುತ್ತದೆ. "ಗಟ್ಟಿ ಇದ್ದರೆ ಒಳ್ಳೇದು" ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಅದರಿಂದ ನಮ್ಮ ಕಡೆ ತುಂಬಾ ಜನ ದುಡ್ಡೂ ಕಳೆದುಕೊಂಡಿದ್ದಾರೆ, ಸೊಂಟವನ್ನೂ ಕಳೆದುಕೊಂಡಿದ್ದಾರೆ.

ಶಾಕ್ ಹೋಗಿದೆಯಾ ಅಂತ ತಿಳಿಯುವುದು ಹೇಗೆ? ಕಾರಿಗೆ ಮಾಡುವ ಹಾಗೆ ಬಾನೆಟ್ ಮೂಲೆ ಒತ್ತಿ ಬಿಟ್ಟು ನೋಡುವುದು ಪಿಕಪ್‌ಗೆ ಸಾಲದು. ಹಿಂದಿನ ಬ್ಲೇಡ್‌ಗಳು ಎಷ್ಟು ಬಿಗಿ ಅಂದರೆ ಇಬ್ಬರು ನಿಂತು ಒತ್ತಿದರೂ ಅಲ್ಲಾಡುವುದಿಲ್ಲ, ಬ್ಲೇಡ್ ಬ್ಲೇಡಿಗೆ ಉಜ್ಜುವ ಘರ್ಷಣೆಯೇ ಸಣ್ಣ ಕುಣಿತವನ್ನು ತಡೆದುಬಿಡುತ್ತದೆ. ಬೇರೆ ದಾರಿ ಇದೆ. ಕೆಟ್ಟ ರಸ್ತೆಯಲ್ಲಿ ಒಂದರ್ಧ ಗಂಟೆ ಓಡಿಸಿ, ಗಾಡಿ ನಿಲ್ಲಿಸಿ, ಇಳಿದು ನಾಲ್ಕೂ ಶಾಕ್ ಮುಟ್ಟಿ ನೋಡಿ. ಎಕ್ಸಾಸ್ಟ್ ಪೈಪ್ ಕಡೆ ಹುಷಾರು, ಮೊದಲು ಬೆರಳ ತುದಿಯಲ್ಲಿ ಮುಟ್ಟಿ. ಕೆಲಸ ಮಾಡುವ ಶಾಕ್ ಬಿಸಿಯಾಗಿರುತ್ತದೆ. ಒಂದೇ ಆಕ್ಸಲ್‌ನ ಎಡದ್ದು ಬಿಸಿ ಇದ್ದು ಬಲದ್ದು ತಣ್ಣಗಿದ್ದರೆ ಬಲದ್ದು ಸತ್ತಿದೆ ಅಂತಲೇ ಅರ್ಥ. ಇದಕ್ಕೆ ಯಾವ ಮೆಷಿನ್ನೂ ಬೇಡ.

ಎಣ್ಣೆ ವಿಷಯದಲ್ಲೂ ಗಾಬರಿ ಬೇಡ. ಪಿಸ್ಟನ್ನಿನ ರಾಡ್ ಹತ್ತಿರ, ಮೇಲ್ಗಡೆ ಸ್ವಲ್ಪ ಎಣ್ಣೆ ಪಸೆ ಇದ್ದರೆ ಅದು ಸಹಜ, ಸೀಲ್ ಒಣಗದೇ ಇರಲು ಅಷ್ಟು ಬೇಕು. ಆದರೆ ಎಣ್ಣೆ ಬಾಡಿಯ ಮೇಲೆ ಅರ್ಧಕ್ಕಿಂತ ಕೆಳಗೆ ಇಳಿದು, ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಪದರ ಕಟ್ಟಿದ್ದರೆ ಸೋರಿಕೆ ಅಂತ ತಿಳಿಯಿರಿ. ಆಮೇಲೆ ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ತಗ್ಗು ದಿಣ್ಣೆ ಸವೆದಿದ್ದರೆ ಆ ಚಕ್ರ ನೆಲ ಬಿಟ್ಟು ನೆಲ ಹಿಡಿದು ಓಡಿದೆ. ಇದು ಟೈರ್ ಖರ್ಚಿನ ಮಾತು ಮಾತ್ರ ಅಲ್ಲ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ, ಎಬಿಎಸ್ ಇದ್ದರೂ ಅಷ್ಟೇ. ಶಾಕ್ ಸತ್ತ ಗಾಡಿ ತಗ್ಗು ದಿಣ್ಣೆಯ ರಸ್ತೆಯಲ್ಲಿ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳುತ್ತದೆ. ಕೆಲವೊಮ್ಮೆ ಶಾಕ್ ಚೆನ್ನಾಗಿಯೇ ಇದ್ದು ಅದರ ತುದಿಯ ರಬ್ಬರ್ ಬುಷ್ ಮಾತ್ರ ಹೋಗಿರುತ್ತದೆ, ಆಗಲೂ ಟಕ್ ಟಕ್ ಅನ್ನುತ್ತದೆ. ಮೊದಲು ಅದನ್ನು ನೋಡಿ. ನೂರಾರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಹತ್ತಾರು ಸಾವಿರ ಕೊಟ್ಟು ಬರಬೇಡಿ.

ಈಗ ತೂಕಕ್ಕೆ ಬರೋಣ. ಇದೇ ನಾನು ಒತ್ತಿ ಹೇಳಬೇಕಾದ ಮಾತು. ನಮ್ಮ ಊರುಗಳಲ್ಲಿ ವೇ ಬ್ರಿಡ್ಜ್‌ಗೆ ಬರ ಇಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್ ಹತ್ತಿರ ಇದೆ, ಅಕ್ಕಿ ಗಿರಣಿ ಹತ್ತಿರ ಇದೆ, ಎಲ್ಲಾದರೂ ಒಂದು ಸಿಗುತ್ತದೆ. ಅಲ್ಲಿಗೆ ಹೋಗಿ ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಮಾಡಿಸಿ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ಒಂದು ಸಲ ಖಾಲಿ ಗಾಡಿಯಲ್ಲಿ, ಇನ್ನೊಂದು ಸಲ ಮಾಮೂಲಿ ಲೋಡ್‌ನಲ್ಲಿ. ಲೋಡ್ ಅಂದರೆ ಕೊಯ್ಲಿನ ದಿನ ಒಮ್ಮೆ ಹೇರಿದ ದೊಡ್ಡ ಲೋಡ್ ಅಲ್ಲ, ವರ್ಷದಲ್ಲಿ ಹೆಚ್ಚು ದಿನ ಇರುವ ಲೋಡ್. 50 ಕೆಜಿ ಕಾಫಿ ಮೂಟೆ ನಾಲ್ಕು ಹಾಕಿದರೆ 200 ಕೆಜಿ. ಔಷಧಿ ಹೊಡೆಯಲು 200 ಲೀಟರ್ ಡ್ರಮ್ ತುಂಬಿ ಇಟ್ಟರೂ ಸುಮಾರು ಅಷ್ಟೇ. ಸಾವಿರ ಲೀಟರಿನ ಟ್ಯಾಂಕ್ ತುಂಬಿಸಿದರೆ ಒಂದು ಟನ್ ಆಯಿತು, ಅಷ್ಟನ್ನು ಕೆಲವರು ಡಬಲ್ ಕ್ಯಾಬಿನ್ ಪಿಕಪ್‌ನಲ್ಲಿ ಹೇರುವುದನ್ನು ನೋಡಿದ್ದೇನೆ, ಅದಕ್ಕೆ ಯಾವ ಶಾಕ್ ಹಾಕಿದರೂ ಪ್ರಯೋಜನ ಇಲ್ಲ, ಅದು ಆ ಗಾಡಿಯ ಕೆಲಸವೇ ಅಲ್ಲ, ದಯವಿಟ್ಟು ನಿಲ್ಲಿಸಿ. ಮುಂದಿನ ತೂಕವೂ ಮುಖ್ಯ. ಕಬ್ಬಿಣದ ಬಂಪರ್ ಹಾಕಿಸಿ ಅದಕ್ಕೆ ವಿಂಚ್ (ಹೂತ ಗಾಡಿಯನ್ನು ಹಗ್ಗದಲ್ಲಿ ಎಳೆಯುವ ಯಂತ್ರ) ಕೂರಿಸಿದರೆ ವಿಂಚ್ ಒಂದೇ ಸುಮಾರು 30-40 ಕೆಜಿ ಆಗುತ್ತದೆ, ಬಂಪರ್ ಬೇರೆ. ಅದೆಲ್ಲ ಮುಂದಿನ ಆಕ್ಸಲ್‌ಗಿಂತ ಮುಂದೆ ನೇತಾಡುವ ಭಾರ. ಅಂಥ ಗಾಡಿಗೆ ಮುಂದೆ ಸ್ಪ್ರಿಂಗನ್ನೇ ನೋಡಬೇಕಾಗುತ್ತದೆ, ಬರೀ ಶಾಕ್ ಸಾಲದು.

ಈ ತೂಕದ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಒಳ್ಳೆಯ ಅಂಗಡಿಯವರಾದರೆ ಅದನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ, ಇಂಥ ಲೋಡ್‌ಗೆ ಇಂಥ ವಾಲ್ವಿಂಗ್ (ಒಳಗಿನ ವಾಲ್ವ್‌ಗಳ ತಡೆ) ಅಂತ ಹೇಳುತ್ತಾರೆ. ಚೀಟಿ ನೋಡದೆ ಪಕ್ಕಕ್ಕಿಟ್ಟು ಕ್ಯಾಟಲಾಗ್ ತೆರೆದರೆ ಬೇರೆ ಅಂಗಡಿ ಹುಡುಕಿ.

ಖಾಲಿ ಪಿಕಪ್‌ಗೆ ಅತಿ ಗಟ್ಟಿ ಶಾಕ್ ಹಾಕಿದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೆ ಮೊದಲೇ ಹಗುರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಳೆ ಇದ್ದರೆ, ತಿರುವಿನ ಒಳಗಡೆ ರಸ್ತೆ ಕಿತ್ತುಹೋಗಿ ಸಾಲು ಸಾಲು ಗುಂಡಿ ಬಿದ್ದಿದ್ದರೆ, ಮೊದಲ ಗುಂಡಿಗೆ ಚಕ್ರ ಮೇಲೆ ಹೋಗುತ್ತದೆ, ಹಿಗ್ಗುವಾಗಿನ ತಡೆ ಅತಿಯಾಗಿರುವುದರಿಂದ ಕೆಳಗೆ ಬರಲು ತಡವಾಗುತ್ತದೆ, ಅಷ್ಟರಲ್ಲಿ ಎರಡನೇ ಗುಂಡಿ ಬಂದಿರುತ್ತದೆ. ಮೂರನೆಯದಕ್ಕೆ ಸ್ಪ್ರಿಂಗ್ ಪೂರ್ತಿ ಹಿಗ್ಗಿಯೇ ಇರುವುದಿಲ್ಲ. ಹೀಗೆ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದ ಹಾಗೆ ಇಟ್ಟ ರಬ್ಬರ್) ಮೇಲೆ ಬಂದು ಕೂರುತ್ತದೆ, ಆಗ ಸಸ್ಪೆನ್ಷನ್ ಇದ್ದೂ ಇಲ್ಲದ ಹಾಗೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಈ ಪಿಕಪ್‌ಗಳು ಮಾಮೂಲಿಯಾಗಿ ಓಡುವುದು ಹಿಂದಿನ ಚಕ್ರದ ಬಲದ ಮೇಲೆ, ಫೋರ್ ವೀಲ್ ಹಾಕದೆ ಟಾರು ರಸ್ತೆಯಲ್ಲಿ ಹೋಗುವಾಗ ಎಳೆಯುವುದೂ ಅವೇ, ಜಾರುವುದೂ ಅವೇ. ಡ್ರೈವರ್ ಟೈರನ್ನು ಬೈಯುತ್ತಾನೆ. ಟೈರಿನ ತಪ್ಪು ಅಲ್ಲ.

ಇದರ ಉಲ್ಟಾ ತೊಂದರೆಯೂ ಇದೆ. ಹಿಂದೆ ಕುಸಿಯುತ್ತದೆ ಅಂತ ಬ್ಲೇಡ್ ಸೆಟ್‌ಗೆ ಒಂದು ಎಕ್ಸ್‌ಟ್ರಾ ಬ್ಲೇಡ್ ಸೇರಿಸುವುದು ನಮ್ಮಲ್ಲಿ ಮಾಮೂಲಿ. ಬ್ಲೇಡ್ ಸೇರಿದ ಕೂಡಲೇ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಹಳೇ ಶಾಕ್‌ಗೆ ಅದನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಹಂಪ್ ದಾಟಿದ ಮೇಲೆ ಹಿಂದುಗಡೆ ಎತ್ತಿ ಎತ್ತಿ ಒಗೆಯುತ್ತದೆ, ಹಿಂದೆ ಕುಳಿತವರ ತಲೆ ಚಾವಣಿಗೆ ತಾಗುತ್ತದೆ. ಬ್ಲೇಡ್ ಸೇರಿಸಿದವರು ಹಿಗ್ಗುವಾಗಿನ ತಡೆ ಹೆಚ್ಚಿರುವ ಶಾಕ್ ಹಾಕಿಸಲೇಬೇಕು. ಅಂಥವರಿಗೆ ಹೆವಿ ಡ್ಯೂಟಿ ಸರಿ. ಬ್ಲೇಡ್ ಸೇರಿಸದೆ, ಭಾರ ಹೇರದೆ, ವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿ ಬರುವವರಿಗೆ ಅದೇ ಶಾಕ್ ಕೊಡುವುದು ಅನ್ಯಾಯ.

ಟ್ವಿನ್ ಟ್ಯೂಬ್ ಒಳ್ಳೆಯದೋ ಮೊನೊಟ್ಯೂಬ್ ಒಳ್ಳೆಯದೋ ಅಂತ ಎಲ್ಲರೂ ಕೇಳುತ್ತಾರೆ. ಟ್ವಿನ್ ಟ್ಯೂಬ್ ಅಂದರೆ ಕೊಳವೆಯೊಳಗೆ ಕೊಳವೆ, ಪಿಸ್ಟನ್ ಒಳಗಿನದರಲ್ಲಿ ಆಡುತ್ತದೆ, ಹೆಚ್ಚುವರಿ ಎಣ್ಣೆ ಹೊರಗಿನದರಲ್ಲಿ ಇರುತ್ತದೆ. ಮೊನೊಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆಗೂ ನೈಟ್ರೋಜನ್ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ. ನಮ್ಮ ಟೈರಿಗೆ 30-35 ಪಿಎಸ್ಐ ಗಾಳಿ ಹಾಕುತ್ತೇವಲ್ಲ, ಮೊನೊಟ್ಯೂಬಿನೊಳಗೆ ಗ್ಯಾಸ್ 300 ಪಿಎಸ್ಐ ಆಸುಪಾಸು ಇರುತ್ತದೆ. ಅಷ್ಟು ಒತ್ತಡದಲ್ಲಿ ಎಣ್ಣೆ ನೊರೆ ಆಗುವುದಿಲ್ಲ, ಒಂದೇ ಗೋಡೆ ಇರುವುದರಿಂದ ಬಿಸಿಯೂ ಬೇಗ ಹೊರಗೆ ಹೋಗುತ್ತದೆ. ಬಹಳ ಹೊತ್ತು ವೇಗವಾಗಿ ಕೆಟ್ಟ ರಸ್ತೆಯಲ್ಲಿ ಹೋಗುವವರಿಗೆ ಇದು ನಿಜಕ್ಕೂ ಒಳ್ಳೆಯದು. ಗ್ಯಾಸ್ ಹಾಕಿದ ಟ್ವಿನ್ ಟ್ಯೂಬೂ ಇದೆ, ಅದರಲ್ಲಿ ಒತ್ತಡ ಕಡಿಮೆ, ಓಡುವುದು ಮೆತ್ತಗೆ.

ಆದರೆ ತೋಟದ ರಸ್ತೆಯ ಕಥೆ ಬೇರೆ. ಅಲ್ಲಿ ಕಡಿದ ಸಿಲ್ವರ್ ಓಕ್ ಬುಡ ಇರುತ್ತದೆ, ಮಳೆಗೆ ಮಣ್ಣು ಕೊಚ್ಚಿ ಹೋಗಿ ಎದ್ದು ನಿಂತ ಕಲ್ಲು ಇರುತ್ತದೆ. ಹಿಂದಿನ ಶಾಕ್‌ನ ಕೆಳತುದಿ ಆಕ್ಸಲ್ ಹತ್ತಿರ, ನೆಲಕ್ಕೆ ಬಹಳ ಸಮೀಪ. ಮೊನೊಟ್ಯೂಬಿನ ಬಾಡಿಗೆ ಕಲ್ಲು ಬಡಿದು ನೆಗ್ಗಿದರೆ ಪಿಸ್ಟನ್ ಆ ಜಾಗದಲ್ಲೇ ಸಿಕ್ಕಿಬೀಳುತ್ತದೆ, ಶಾಕ್ ಮುಗಿಯಿತು. ಟ್ವಿನ್ ಟ್ಯೂಬಿನ ಹೊರಗಿನ ಕೊಳವೆ ಸ್ವಲ್ಪ ನೆಗ್ಗಿದರೂ ಒಳಗಿನದು ಆಡುತ್ತಲೇ ಇರುತ್ತದೆ. ಮೊನೊಟ್ಯೂಬನ್ನು ತಲೆಕೆಳಗಾಗಿ ಕೂರಿಸಬಹುದು, ಆಗ ದಪ್ಪ ಬಾಡಿ ಮೇಲೆ ಹೋಗುತ್ತದೆ, ಆದರೆ ರಾಡ್ ಕೆಳಗೆ ಬಂದು ಕಲ್ಲಿಗೆ ಎದುರಾಗುತ್ತದೆ. ನನ್ನ ಅಭಿಪ್ರಾಯ ಹೇಳುವುದಾದರೆ ತೋಟದ ಪಿಕಪ್‌ನ ಹಿಂದಕ್ಕೆ ಒಳ್ಳೆಯ ಗ್ಯಾಸ್ ಟ್ವಿನ್ ಟ್ಯೂಬ್ ಸಾಕು, ಅದೇ ಸರಿ. ಹೆದ್ದಾರಿಯಲ್ಲಿ ಬೆಂಗಳೂರು, ಮಂಗಳೂರು ಅಂತ ಜಾಸ್ತಿ ಓಡುವವರು ಮುಂದಕ್ಕೆ ಮೊನೊಟ್ಯೂಬ್ ಹಾಕಿಸಿಕೊಂಡರೆ ತಿರುವಿನಲ್ಲಿ, ಬ್ರೇಕಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಪಕ್ಕದಲ್ಲಿ ಬೇರೆ ಡಬ್ಬಿ, ನಡುವೆ ಪೈಪು ಇರುವ ಶಾಕ್‌ಗಳು. ಬೆಲೆ ಲಕ್ಷ ದಾಟುತ್ತದೆ. ಆ ಡಬ್ಬಿಯಲ್ಲಿ ಹೆಚ್ಚುವರಿ ಎಣ್ಣೆ, ಗ್ಯಾಸ್ ಇರುತ್ತದೆ, ಬಿಸಿ ತಡೆದುಕೊಳ್ಳಲಿ ಅಂತ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಎಮು ಹೆಸರಿನಲ್ಲಿ ಬಿಪಿ-51 ಅಂತ ಇದೆ, ಒಳ್ಳೆಯ ವಸ್ತು, ಕುಗ್ಗುವ ತಡೆ ಬೇರೆ, ಹಿಗ್ಗುವ ತಡೆ ಬೇರೆ ತಿರುಗಿಸಿ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿನ ರಸ್ತೆ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ. ಉದ್ದ, ಬಹುಪಾಲು ಮಣ್ಣಿನ ರಸ್ತೆ, ತಗಡಿನ ಶೀಟಿನ ಹಾಗೆ ಅಲೆ ಅಲೆ. ಟೆಂಟು, ನೀರು, ಡೀಸೆಲ್, ಎರಡನೇ ಬ್ಯಾಟರಿ ಎಲ್ಲ ಹೇರಿಕೊಂಡು ಗಂಟೆಗೆ 70-80ರಲ್ಲಿ ದಿನವಿಡೀ ಹೋಗುತ್ತಾರೆ. ಅಲ್ಲಿ ಶಾಕ್ ಸುಡುತ್ತದೆ, ಡಬ್ಬಿ ಬೇಕು. ನಾವು ತೋಟದೊಳಗೆ ಲೋ ಗೇರ್ ಹಾಕಿಕೊಂಡು ನಡಿಗೆ ವೇಗದಲ್ಲಿ ಹೋಗುತ್ತೇವೆ. ಶಾಕ್ ಬಿಸಿ ಆಗಲು ಅಲ್ಲಿ ಅವಕಾಶವೇ ಇಲ್ಲ. ನಮಗೆ ಬೇಕಾದದ್ದು ಚಕ್ರ ಚೆನ್ನಾಗಿ ಕೆಳಗಿಳಿದು ನೆಲ ಮುಟ್ಟುವುದು. ಅದಕ್ಕೆ ಶಾಕ್‌ನ ಉದ್ದ ಮುಖ್ಯ, ಡಬ್ಬಿ ಅಲ್ಲ.

ಉದ್ದದ ಬಗ್ಗೆ ಅಂಗಡಿಯವರ ಮಾತು ನಂಬಬೇಡಿ, ಅಳೆಯಿರಿ. ಚಾಸಿಯನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಪೂರ್ತಿ ಜೋತುಬಿದ್ದಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಎಷ್ಟು ಅಂತ ಅಳೆಯಿರಿ. ಆಮೇಲೆ ಶಾಕ್ ಬಿಚ್ಚಿ, ಆಕ್ಸಲ್ ಬಂಪ್ ಸ್ಟಾಪ್ ರಬ್ಬರಿಗೆ ತಾಗುವ ಹಾಗೆ ಮಾಡಿ ಅದೇ ಎರಡು ಬೋಲ್ಟಿನ ನಡುವೆ ಅಳೆಯಿರಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗ ಈ ಎರಡನೇ ಅಳತೆಗಿಂತ ಚಿಕ್ಕದಿರಬೇಕು. ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ರಬ್ಬರ್ ತಾಗುವ ಮೊದಲು ಶಾಕೇ ತಳ ಮುಟ್ಟುತ್ತದೆ, ಒಳಗಿನ ವಾಲ್ವ್ ಒಡೆಯುತ್ತದೆ, ಇಲ್ಲವೇ ಬ್ರಾಕೆಟ್ ಕಿತ್ತು ಬರುತ್ತದೆ. ಇನ್ನೊಂದು ವಿಷಯ, ಹಲವು ಪಿಕಪ್‌ಗಳಲ್ಲಿ ಹಿಂದಿನ ಎರಡು ಶಾಕ್ ಒಂದೇ ಥರ ಕೂತಿರುವುದಿಲ್ಲ, ಒಂದು ಆಕ್ಸಲ್‌ನ ಮುಂದೆ, ಇನ್ನೊಂದು ಹಿಂದೆ. ಎಡಬಲ ಎರಡರ ಪಾರ್ಟ್ ನಂಬರನ್ನೂ ಬೇರೆ ಬೇರೆಯಾಗಿ ನೋಡಿ ತೆಗೆದುಕೊಳ್ಳಿ.

ಕಂಪನಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇಬ್ರಿಯಲ್ 1961ರಿಂದ ನಮ್ಮ ದೇಶದಲ್ಲೇ ಇದೆ, ಎಷ್ಟೋ ಗಾಡಿ ಕಂಪನಿಗಳಿಗೆ ಅವರೇ ಶಾಕ್ ಕೊಡುತ್ತಾರೆ. ಜಪಾನಿನ ಕೆವೈಬಿ, ಜರ್ಮನಿಯ ಬಿಲ್‌ಸ್ಟೈನ್, ಅಮೆರಿಕದ ಮನ್ರೋ, ಆಸ್ಟ್ರೇಲಿಯಾದ ಐರನ್‌ಮನ್, ಟಫ್ ಡಾಗ್, ಎಲ್ಲವೂ ಹೆಸರು ಮಾಡಿದವು. ಹೆಸರು ನೋಡಿ ತೆಗೆದುಕೊಳ್ಳುವುದಕ್ಕಿಂತ ಆ ಕಂಪನಿಯ ಯಾವ ಶಾಕ್ ನಿಮ್ಮ ತೂಕಕ್ಕೆ ಮಾಡಿದ್ದು ಅಂತ ನೋಡಿ. ಒಂದೇ ಕಂಪನಿಯಲ್ಲಿ ಖಾಲಿ ಗಾಡಿಗೆ ಬೇರೆ, ಭಾರದ ಗಾಡಿಗೆ ಬೇರೆ ಇರುತ್ತದೆ. ಅರ್ಧ ದಿನ ಖಾಲಿ ಓಡುವ ಗಾಡಿಗೆ ಕಂಪನಿ ಶಾಕ್ ಕೆಟ್ಟದ್ದೇನೂ ಅಲ್ಲ, ಬೇಡ ಅನ್ನುವವರು ಯಾಕೆ ಬೇಡ ಅಂತ ಹೇಳಬೇಕು.

ಲಿಫ್ಟ್ ಮಾಡಿಸುವ ಹುಚ್ಚಿನ ಬಗ್ಗೆ ಮಾತ್ರ ಹೇಳಲೇಬೇಕು. ಮುಂದಿನ ಸ್ಟ್ರಟ್ (ಶಾಕ್, ಕಾಯಿಲ್ ಸೇರಿದ ಜೋಡಿ) ಮೇಲೆ ಒಂದು ಸ್ಪೇಸರ್, ಅಂದರೆ ದಪ್ಪ ಬಿಲ್ಲೆ, ಕೂರಿಸಿ ಎರಡಿಂಚು ಎತ್ತಿ ಕೊಡುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಗಾಡಿ ನೋಡಲು ಚೆನ್ನಾಗಿರುತ್ತದೆ. ಆದರೆ ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ಅದು ತಿಂದುಹಾಕುತ್ತದೆ, ಹಂಪ್ ಇಳಿಯುವಾಗ ಠಣ್ ಅನ್ನುತ್ತದೆ. ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಚಕ್ರಕ್ಕೆ ಬಲ ಮುಟ್ಟಿಸುವ ಬಾಗುವ ಕೀಲು) ಯಾವಾಗಲೂ ಓರೆಯಲ್ಲಿ ತಿರುಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ, ಕೆಸರು ಒಳಗೆ ಹೋಗುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಗಾಡಿ ಹಿಂದೆ ಎಷ್ಟು ಕುಸಿದಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ತೀರ್ಮಾನ ಮಾಡುತ್ತದೆ. ಹಿಂದುಗಡೆ ಎತ್ತಿಸಿದರೆ ಅದು ಗಾಡಿ ಖಾಲಿ ಅಂದುಕೊಂಡು ಒತ್ತಡ ಕಡಿಮೆ ಬಿಡುತ್ತದೆ. ಮೂಟೆ ಹೇರಿಕೊಂಡು ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಎತ್ತಿಸಿದವರು ಆ ವಾಲ್ವಿನ ಕಡ್ಡಿಯನ್ನು ಮತ್ತೆ ಹೊಂದಿಸಿದ್ದಾರಾ ಅಂತ ಕೇಳಿ ನೋಡಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷ ಆದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಇದೆ. ಸವೆದ ಶಾಕ್ ತೆಗೆದು ಅದೇ ಅಳತೆಯದು ಹಾಕಿಸುವುದು ರಿಪೇರಿ. ಗಾಡಿಯ ಎತ್ತರ ಬದಲಾಯಿಸುವುದು ಬೇರೆ ವಿಷಯ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದುಕೊಳ್ಳುತ್ತಾರೆ, ಹುಷಾರಾಗಿರಿ.

ಒಳ್ಳೆಯ ಶಾಕ್ ತಂದು ಗ್ಯಾರೇಜಿನಲ್ಲಿ ಹಾಳುಮಾಡಿಕೊಳ್ಳುವವರೂ ಇದ್ದಾರೆ. ನಾನು ಕಂಡ ಹಾಗೆ ಒಂದು ಗ್ಯಾರೇಜಿನ ಹುಡುಗ ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗಬಾರದು ಅಂತ ಹೊಳೆಯುವ ರಾಡನ್ನೇ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿದ. ಕ್ರೋಮ್ ಮೇಲೆ ಹಲ್ಲಿನ ಗುರುತು ಬಿತ್ತು. ಆ ಗೀರು ಪ್ರತಿ ಸಲ ಸೀಲ್ ಒಳಗೆ ಹೋಗಿ ಬರುತ್ತದೆ, ಸೀಲನ್ನು ಕತ್ತರಿಸುತ್ತದೆ, ಒಂದು ಮಳೆಗಾಲಕ್ಕೆ ಎಣ್ಣೆ ಸೋರಲು ಶುರು. ರಾಡ್ ತುದಿಯಲ್ಲಿ ಚಪ್ಪಟೆ ಜಾಗ ಇಲ್ಲವೇ ಅಲೆನ್ ಕೀ ತೂತು ಇರುತ್ತದೆ, ಹಿಡಿಯಬೇಕಾದ್ದು ಅಲ್ಲಿ. ಟ್ವಿನ್ ಟ್ಯೂಬ್ ಅಂಗಡಿಯಲ್ಲಿ ಅಡ್ಡ ಮಲಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಬೇಕು, ಕೈಗೆ ಸಡಿಲ ಅನ್ನಿಸುವುದು ಹೋಗುವವರೆಗೆ. ಕೆಳಗಿನ ರಬ್ಬರ್ ಬುಷ್ ಬೋಲ್ಟನ್ನು ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಇಳಿಸಿ ಭಾರ ಕೂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮುಂದಿನ ಕಾಯಿಲ್ ಬಿಚ್ಚುವ ಕೆಲಸವನ್ನು ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಕಡೆ ಮಾಡಿಸಲೇಬೇಡಿ, ಒತ್ತಿದ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೆ ಅಪಾಯ. ಒಂದು ಆಕ್ಸಲ್‌ಗೆ ಯಾವಾಗಲೂ ಜೊತೆಯಾಗಿ ಎರಡೂ ಹಾಕಿಸಿ.

ಎಣ್ಣೆ ತುಂಬಿ ರಿಪೇರಿ ಮಾಡಿಕೊಡುವವರ ಹತ್ತಿರ ಹೋಗುವ ಮೊದಲು ಯೋಚನೆ ಮಾಡಿ. ಬಿಚ್ಚಿ ಸರ್ವಿಸ್ ಮಾಡಲೆಂದೇ ತಯಾರಾದ ಶಾಕ್‌ಗಳಿವೆ, ಅವು ದುಬಾರಿ. ಮಾಮೂಲಿ ಶಾಕ್ ಕಾರ್ಖಾನೆಯಲ್ಲಿ ಒಮ್ಮೆ ಸೀಲ್ ಆದರೆ ಮುಗಿಯಿತು. ಅದನ್ನು ಕೊರೆದು, ಸಿಕ್ಕಿದ ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಟ್ಟರೆ ಗ್ಯಾಸೂ ಇಲ್ಲ, ವಾಲ್ವೂ ಹಳೆಯದೇ. ಗ್ಯಾಸ್ ತುಂಬಿದ ಶಾಕ್ ಕೊರೆಯುವುದೇ ಅಪಾಯ, ಆ ಹುಡುಗರ ಕಣ್ಣಿಗೆ ಏನಾದರೂ ಆದರೆ ಯಾರು ಗತಿ?

ಹಾಕಿಸಿದ ಮೇಲೆ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ತೋಟದಿಂದ ಬಂದ ಕೂಡಲೇ ರಾಡ್ ಮೇಲಿನ ಕೆಂಪು ಕೆಸರನ್ನು ಸಾದಾ ಪೈಪಿನ ನೀರಿನಲ್ಲಿ ತೊಳೆಯಿರಿ. ಒಣಗಿದ ಮಣ್ಣಿನೊಂದಿಗೆ ಮಾರನೇ ದಿನ ಗಾಡಿ ತೆಗೆದರೆ ಅದು ಉಪ್ಪುಕಾಗದದ ಹಾಗೆ ಸೀಲನ್ನು ಉಜ್ಜುತ್ತದೆ. ಪ್ರೆಷರ್ ವಾಷರ್ ಮೂತಿಯನ್ನು ನೇರವಾಗಿ ಸೀಲಿಗೆ ಹಿಡಿಯಬೇಡಿ, ನೀರು ಒಳಗೆ ಹೋಗುತ್ತದೆ.

ಕೊನೆಗೆ ರಸ್ತೆ ಮಾಡುವವರಿಗೂ ಒಂದು ಮಾತು, ಯಾಕೆಂದರೆ ನಮ್ಮ ಶಾಕ್‌ಗಳನ್ನು ಕೊಲ್ಲುವುದು ತೋಟದ ಕಲ್ಲಿಗಿಂತ ಊರೊಳಗಿನ ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಅನ್ನುವ ಮಾರ್ಗಸೂಚಿ ಇದೆ. ಗಂಟೆಗೆ 25 ಕಿ.ಮೀ. ವೇಗಕ್ಕೆ ಮಾಡುವ ಉಬ್ಬು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮಲ್ಲಿ ಎತ್ತರ ಅಷ್ಟೇ ಇರುತ್ತದೆ, ಕೆಲವು ಕಡೆ ಜಾಸ್ತಿ, ಅಗಲ ಒಂದು ಮಾರು ಕೂಡ ಇರುವುದಿಲ್ಲ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಮಳೆಯಲ್ಲಿ ಅದರ ಮೇಲೆ ಹತ್ತಿದ ಗಾಡಿಯ ಪಿಸ್ಟನ್ ಒಂದು ಕ್ಷಣದಲ್ಲಿ ಪೂರ್ತಿ ಕೆಳಗೆ ಹೋಗಿ ಬಡಿಯುತ್ತದೆ. ಆಂಬುಲೆನ್ಸ್‌ನಲ್ಲಿ ಮಲಗಿರುವ ರೋಗಿಗೂ ಅದೇ ಏಟು. ಪಂಚಾಯಿತಿ, ಲೋಕೋಪಯೋಗಿ ಇಲಾಖೆ ಇಬ್ಬರೂ ಅಳತೆ ಹಿಡಿದು ಒಂದು ಸಲ ನೋಡಲಿ.

ಶಾಕ್ ಮಾರುವ ಕಂಪನಿಗಳಿಗೂ ಕೇಳುವುದು ಇಷ್ಟೇ: ಡಬ್ಬದ ಮೇಲೆ ಕನ್ನಡದಲ್ಲಿ ಮೂರು ಅಂಕಿ ಬರೆಯಿರಿ. ಪೂರ್ತಿ ಹಿಗ್ಗಿದಾಗ ಉದ್ದ ಎಷ್ಟು, ಪೂರ್ತಿ ಮುಚ್ಚಿದಾಗ ಎಷ್ಟು, ಆಕ್ಸಲ್ ಮೇಲೆ ಎಷ್ಟು ಕೆಜಿಯಿಂದ ಎಷ್ಟು ಕೆಜಿವರೆಗೆ ಇದು ಹೊಂದುತ್ತದೆ. "ಹೆವಿ ಡ್ಯೂಟಿ" ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಸಂಪಾದಕರೇ, ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲೇ ನಮ್ಮ ಕಡೆಯವರು ಗಾಡಿ ಕೆಲಸ ಮಾಡಿಸುವುದು. ಆ ಹೊತ್ತಿಗೆ ಈ ಪತ್ರ ಹಾಕಿದರೆ ಕೆಲವರಾದರೂ ಅಂಗಡಿಗೆ ಹೋಗುವ ಮೊದಲು ವೇ ಬ್ರಿಡ್ಜ್‌ಗೆ ಹೋಗುತ್ತಾರೆ.

ಇಂತಿ ನಿಮ್ಮ ಓದುಗ,
ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು